ಶನಿವಾರ ರಾತ್ರಿ ನೋಟಿಸ್, ಮಂಗಳವಾರ ಮೀಟಿಂಗ್: ಎಚ್‌ಒಎ ಬೋರ್ಡ್ ಹೀಗೆ ಮಾಡಬಹುದೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 120 ಮನೆಗಳ ಟೌನ್‌ಹೌಸ್ ಬಡಾವಣೆಯಲ್ಲಿ ನಮ್ಮದೊಂದು ಮನೆ. ತಿಂಗಳಿಗೆ 450 ಡಾಲರ್ ಎಚ್‌ಒಎಗೆ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘಕ್ಕೆ, ಕಟ್ಟುತ್ತೇವೆ. ಸಂಘದ ಬೋರ್ಡಿನಲ್ಲಿ ಐದು ಜನ ಡೈರೆಕ್ಟರುಗಳು. ಈಚೆಗೆ ಒಂದು ಶನಿವಾರ ರಾತ್ರಿ 9:40ಕ್ಕೆ ಮ್ಯಾನೇಜರ್ ಕಡೆಯಿಂದ ಇಮೇಲ್ ಬಂತು: ಮಂಗಳವಾರ ಸಂಜೆ 6:30ಕ್ಕೆ ಝೂಮ್‌ನಲ್ಲಿ ಬೋರ್ಡ್ ಮೀಟಿಂಗ್. ಅಜೆಂಡಾ ನಾಲ್ಕೇ ಸಾಲು: ಹಿಂದಿನ ಮಿನಿಟ್ಸ್, ಲೆಕ್ಕಪತ್ರ, ರೂಫ್, ಹೊಸ ವಿಷಯಗಳು. ಕೆಳಗೊಂದು ಲಿಂಕ್. ಅವತ್ತು ಕನ್ನಡ ಕೂಟದ ನಾಟಕದ ತಾಲೀಮು ಇದ್ದುದರಿಂದ ನಾನು ಸೇರಿಕೊಳ್ಳಲಿಲ್ಲ. ಮುಂದಿನ ವಾರ ಕಾಗದ ಬಂತು. ರೂಫ್ ರಿಪೇರಿಗೆ ಮನೆಗೆ 1,200 ಡಾಲರ್ ಸ್ಪೆಷಲ್ ಅಸೆಸ್‌ಮೆಂಟ್ (ತಿಂಗಳ ಹಣದ ಮೇಲೆ ಬೇರೆಯಾಗಿ ಕಟ್ಟಬೇಕಾದ್ದು) ಅಂತೆ; ಜೊತೆಗೆ ಇನ್ನು ಮೇಲೆ ಬಾಗಿಲ ಮುಂದೆ ಚಪ್ಪಲಿ ಸ್ಟ್ಯಾಂಡ್ ಇಡುವ ಹಾಗಿಲ್ಲವಂತೆ. ಅಧ್ಯಕ್ಷರನ್ನು ಕೇಳಿದರೆ "72 ಗಂಟೆ ಮುಂಚೆ ತಿಳಿಸಿದರೆ ಸಾಕು, ಕಾನೂನೇ ಹಾಗಿದೆ" ಅಂದರು. ಬೋರ್ಡಿನವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲ ಮೊದಲೇ ತೀರ್ಮಾನವಾಗಿತ್ತು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಈ ನೋಟಿಸ್ ನಡೆಯುತ್ತದೆಯೇ? ದುಡ್ಡು ಕಟ್ಟಬೇಕೇ? ಕೋರ್ಟಿಗೆ ಹೋಗಬಹುದೇ?

ಉತ್ತರ: ನೀವು ಕೇಳಿದ್ದು ನೋಟಿಸ್ ಬಗ್ಗೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮಾತ್ರ 1,200 ಅನ್ನುವ ಅಂಕಿಯ ಮೇಲೆ. ಅಲ್ಲಿಗೆ ಆಮೇಲೆ ಬರೋಣ. ನೋಟಿಸ್ ತಡವಾಯಿತು ಅನ್ನುವುದು ನಿಮ್ಮ ಕೈಯಲ್ಲಿರುವ ವಾದಗಳಲ್ಲಿ ಸಣ್ಣದು. ಆ ನೋಟಿಸ್‌ನಲ್ಲಿ ಏನು ಬರೆದಿರಲಿಲ್ಲ ಅನ್ನುವುದು ದೊಡ್ಡದು. ಎಚ್‌ಒಎ ಜಗಳಗಳಲ್ಲಿ ಜನ ದಿನ ಎಣಿಸುವುದಕ್ಕೆ ಕೊಡುವ ಶ್ರಮದಲ್ಲಿ ಅರ್ಧವನ್ನು ಅಜೆಂಡಾ ಓದುವುದಕ್ಕೆ ಕೊಡುವುದಿಲ್ಲ.

ಮೊದಲು 72 ಗಂಟೆಯ ಮಾತು ಮುಗಿಸಿಬಿಡೋಣ. ನಿಮ್ಮ ಅಧ್ಯಕ್ಷರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗನಿಸುವುದಿಲ್ಲ, ಬೇರೆ ಮನೆಯ ಕೀಲಿಕೈ ಹಿಡಿದು ಈ ಬೀಗ ತೆಗೆಯುತ್ತಿದ್ದಾರೆ. ಸಿಟಿ ಕೌನ್ಸಿಲ್, ಸ್ಕೂಲ್ ಬೋರ್ಡಿನಂಥ ಸರ್ಕಾರಿ ಸಂಸ್ಥೆಗಳ ಸಭೆಗಳಿಗೆ ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆ್ಯಕ್ಟ್ ಇದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಅಂಟಿಸಬೇಕು ಅನ್ನುವುದು ಅದರ ನಿಯಮ. ಎಚ್‌ಒಎ ಸರ್ಕಾರವಲ್ಲ, ಅದಕ್ಕೆ ಬ್ರೌನ್ ಆ್ಯಕ್ಟ್ ತಾಗುವುದೇ ಇಲ್ಲ. ಎಚ್‌ಒಎಗೆ ಇರುವುದು ಡೇವಿಸ್-ಸ್ಟರ್ಲಿಂಗ್ ಆ್ಯಕ್ಟ್, ಸಿವಿಲ್ ಕೋಡಿನ 4000ನೇ ಸೆಕ್ಷನ್‌ನಿಂದ ಶುರುವಾಗುವ ಉದ್ದನೆಯ ಕಾನೂನು. ಅದರೊಳಗೆ 4900ರಿಂದ 4955ರವರೆಗಿನ ಭಾಗಕ್ಕೆ ಓಪನ್ ಮೀಟಿಂಗ್ ಆ್ಯಕ್ಟ್ ಅಂತ ಬೇರೆ ಹೆಸರೇ ಇದೆ. ಬೋರ್ಡ್ ಮೀಟಿಂಗ್ ಎಲ್ಲಿ, ಎಷ್ಟು ಹೊತ್ತಿಗೆ ಅಂತ ಕನಿಷ್ಠ ನಾಲ್ಕು ದಿನ ಮೊದಲು ತಿಳಿಸಬೇಕು ಎನ್ನುತ್ತದೆ 4920. ಬಾಗಿಲು ಮುಚ್ಚಿ ನಡೆಸುವ ಎಕ್ಸಿಕ್ಯೂಟಿವ್ ಸೆಷನ್ ಮಾತ್ರವೇ ಆದರೆ ಎರಡು ದಿನ. ನಿಮ್ಮ ಬೈಲಾದಲ್ಲಿ ಏಳು ದಿನ, ಹತ್ತು ದಿನ ಅಂತ ಹೆಚ್ಚಿಗೆ ಬರೆದಿದ್ದರೆ ಆ ಹೆಚ್ಚಿನದೇ ಲೆಕ್ಕ. ಬೈಲಾದಲ್ಲಿ ಎರಡೇ ದಿನ ಅಂತಿದ್ದರೂ ನಾಲ್ಕು ದಿನ ಕೊಡಲೇಬೇಕು.

ದಿನ ಎಣಿಸುವಾಗ ಮೊದಲ ದಿನ ಬಿಟ್ಟು ಕೊನೆಯ ದಿನ ಸೇರಿಸಿಕೊಳ್ಳುವುದು ಇಲ್ಲಿನ ಪದ್ಧತಿ. ಶನಿವಾರ ಬಿಡಿ, ಭಾನುವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ನಾಲ್ಕಾಗಲಿಲ್ಲ. ಇನ್ನೂ ತಮಾಷೆಯೆಂದರೆ ಶನಿವಾರ ರಾತ್ರಿ 9:40ರಿಂದ ಮಂಗಳವಾರ ಸಂಜೆ 6:30ಕ್ಕೆ 68 ಗಂಟೆ 50 ನಿಮಿಷ. ಅಧ್ಯಕ್ಷರು ಯಾವ ಕಾನೂನನ್ನು ನಂಬಿದ್ದರೋ ಆ ಕಾನೂನಿನ ಲೆಕ್ಕಕ್ಕೂ ಮೂರು ಗಂಟೆ ಹತ್ತು ನಿಮಿಷ ಕಮ್ಮಿ.

ಹಾಗಂತ ಈಗಲೇ ಹಿಗ್ಗಬೇಡಿ. ನಿಮಗೆ ಇಮೇಲ್ ಬಂದ ಹೊತ್ತೇ ನೋಟಿಸ್ ಕೊಟ್ಟ ಹೊತ್ತು ಆಗಬೇಕಿಲ್ಲ. ಬೋರ್ಡ್ ಮೀಟಿಂಗ್ ನೋಟಿಸನ್ನು ಪ್ರತಿ ಮನೆಗೂ ಬೇರೆಬೇರೆಯಾಗಿ ಕಳಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಎಲ್ಲರಿಗೂ ಸೇರಿಸಿ ಒಂದೇ ಸಲ ತಿಳಿಸುವ ದಾರಿಗಳು 4045ರಲ್ಲಿವೆ: ತಿಂಗಳ ಬಿಲ್ಲಿನ ಜೊತೆಗೋ ಸಂಘದ ಸುದ್ದಿಪತ್ರದೊಳಗೋ ಸೇರಿಸಿ ಕಳಿಸಬಹುದು, ಎಲ್ಲರೂ ಓಡಾಡುವ ಜಾಗದಲ್ಲಿ ಕಾಗದ ಅಂಟಿಸಬಹುದು, ಸಂಘದ ವೆಬ್‌ಸೈಟಿನಲ್ಲಿ ಕಣ್ಣಿಗೆ ಬೀಳುವ ಕಡೆ ಹಾಕಬಹುದು. ಕೊನೆಯ ಎರಡಕ್ಕೆ ಒಂದು ಕಟ್ಟು ಇದೆ. ಆ ನೋಟಿಸ್ ಫಲಕವೋ ಆ ವೆಬ್‌ಪುಟವೋ ನೋಟಿಸಿಗೆ ಗೊತ್ತುಮಾಡಿದ ಜಾಗ ಅಂತ ವರ್ಷಕ್ಕೊಮ್ಮೆ ಸದಸ್ಯರಿಗೆ ಕಳಿಸುವ ಪಾಲಿಸಿ ಸ್ಟೇಟ್‌ಮೆಂಟಿನಲ್ಲಿ ಮೊದಲೇ ಹೇಳಿರಬೇಕು. ಬಜೆಟ್ ಜೊತೆ ದಪ್ಪ ಲಕೋಟೆಯಲ್ಲಿ ಬರುತ್ತದಲ್ಲ, ಹೆಚ್ಚಿನವರು ಒಡೆಯದೆ ಡ್ರಾಯರ್‌ಗೆ ತಳ್ಳುತ್ತಾರಲ್ಲ, ಅದೇ. ಅದನ್ನು ಹೊರಗೆ ತೆಗೆಯಿರಿ.

ಈಗ ಹೀಗೆ ಯೋಚಿಸಿ. ಆ ಸ್ಟೇಟ್‌ಮೆಂಟಿನಲ್ಲಿ "ಮೇಲ್‌ಬಾಕ್ಸ್ ಪಕ್ಕದ ಗಾಜಿನ ಬೋರ್ಡು" ಅಂತ ಬರೆದಿದೆ, ಮ್ಯಾನೇಜರ್ ಶುಕ್ರವಾರವೇ ಅಲ್ಲಿ ಕಾಗದ ಅಂಟಿಸಿ ಹೋಗಿದ್ದಾರೆ. ಶುಕ್ರವಾರ ಬಿಟ್ಟು ಎಣಿಸಿದರೆ ಮಂಗಳವಾರಕ್ಕೆ ಸರಿಯಾಗಿ ನಾಲ್ಕು. ಆಗ ಶನಿವಾರದ ಇಮೇಲ್ ಬರೀ ಸೌಜನ್ಯ, ನೋಟಿಸ್ ಊರ್ಜಿತ. ಇಂಥ ಗಾಜಿನ ಪೆಟ್ಟಿಗೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ನಾನು ಮೊದಲು ಮನೆ ಕೊಂಡ ಕಡೆ ಕೀಲಿ ಒಬ್ಬರ ಹತ್ತಿರ ಮಾತ್ರ ಇತ್ತು; ಅವರು ಊರಿಗೆ ಹೋದರೆ ನೋಟಿಸು ಗಾಜಿನ ಹೊರಗೆ ಬಿಳಿ ಟೇಪಿನಲ್ಲಿ ಜೋತಾಡುತ್ತಿತ್ತು, ಬಿಸಿಲಿಗೆ ಇಂಕು ಹಾರಿ ತಾರೀಕು 3 ಇದೆಯೋ 8 ಇದೆಯೋ ಗೊತ್ತಾಗುತ್ತಿರಲಿಲ್ಲ. ಆ ಕಾಲದಿಂದ ನನಗೊಂದು ಅಭ್ಯಾಸ ಉಳಿದಿದೆ: ಅಂಚೆ ತರಲು ಹೋದಾಗ ಆ ಬೋರ್ಡಿನದೊಂದು ಫೋಟೊ. ಫೋಟೊದಲ್ಲಿ ದಿನ, ಗಂಟೆ ತಾನೇ ದಾಖಲಾಗಿರುತ್ತದೆ. ಖಾಲಿ ಬೋರ್ಡಿನ ಫೋಟೊಗೂ ಬೆಲೆ ಇದೆ, ಕೆಲವೊಮ್ಮೆ ಹೆಚ್ಚೇ.

ಆದ್ದರಿಂದ ಮ್ಯಾನೇಜರ್‌ಗೆ ಬರೆಯಬೇಕಾದ ಮೊದಲ ಪ್ರಶ್ನೆ ಸರಳ: "ಈ ಮೀಟಿಂಗಿನ ನೋಟಿಸನ್ನು ಯಾವ ದಾರಿಯಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಕೊಟ್ಟಿರಿ?" ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಇನ್ನು ಮೇಲೆ ಎಲ್ಲ ಸಾಮಾನ್ಯ ನೋಟಿಸುಗಳೂ ನನಗೆ ವೈಯಕ್ತಿಕವಾಗಿ ಬರಬೇಕು. ಸದಸ್ಯ ಹೀಗೆ ಕೇಳಿದರೆ ಆ ಮೇಲೆ ಅವನ ಮಟ್ಟಿಗೆ ಬೋರ್ಡಿನ ಮೇಲೆ ಅಂಟಿಸಿದ್ದು ಸಾಲದು, ಅವನು ಆರಿಸಿಕೊಂಡ ಇಮೇಲಿಗೋ ಅಂಚೆ ವಿಳಾಸಕ್ಕೋ ಕಳಿಸಲೇಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಎರಡು ನಿಮಿಷದ ಕೆಲಸ. ನೂರು ಮನೆಗಳಲ್ಲಿ ನಾಲ್ಕು ಜನ ಹೀಗೆ ಕೇಳಿದರೂ ಮ್ಯಾನೇಜರ್‌ಗಳು ನೋಟಿಸಿನ ವಿಷಯದಲ್ಲಿ ಒಮ್ಮೆಗೇ ಶಿಸ್ತಾಗುವುದನ್ನು ನೋಡಿದ್ದೇನೆ.

ಇನ್ನು ಝೂಮ್. ಮೊದಲೆಲ್ಲ ಆನ್‌ಲೈನ್ ಮೀಟಿಂಗ್ ಮಾಡಿದರೂ ಸದಸ್ಯರು ಬಂದು ಕೂರಲು ಒಂದು ಜಾಗ ತೋರಿಸಬೇಕಿತ್ತು, ಅಲ್ಲಿ ಒಬ್ಬ ಡೈರೆಕ್ಟರೋ ಬೋರ್ಡು ನೇಮಿಸಿದ ಯಾರಾದರೊಬ್ಬರೋ ಇರಬೇಕಿತ್ತು. 2024ರ ಜನವರಿ 1ರಿಂದ ಜಾಗವೇ ಇಲ್ಲದೆ ಪೂರ್ತಿ ಆನ್‌ಲೈನ್‌ನಲ್ಲೇ ನಡೆಸಬಹುದು, ಆದರೆ 4926ರ ಷರತ್ತುಗಳ ಮೇಲೆ. ಹೇಗೆ ಸೇರಿಕೊಳ್ಳಬೇಕು ಅನ್ನುವ ಸ್ಪಷ್ಟ ಸೂಚನೆ ನೋಟಿಸಿನಲ್ಲಿರಬೇಕು. ಸಂಪರ್ಕ ತಪ್ಪಿದರೆ ಸಹಾಯ ಮಾಡುವವರ ಫೋನ್ ನಂಬರೂ ಇಮೇಲೂ ಇರಬೇಕು. ನೋಟಿಸ್ ವೈಯಕ್ತಿಕವಾಗಿ ಕಳಿಸಿ ಅಂತ ಕೇಳುವ ಹಕ್ಕು ನಿಮಗಿದೆ ಅಂತಲೂ ನೆನಪಿಸಬೇಕು. ಬರೀ ಫೋನಿನಲ್ಲಿ ಸೇರಿಕೊಳ್ಳಲೂ ಅವಕಾಶ ಬೇಕು. ಮೀಟಿಂಗಿನಲ್ಲಿ ಮತ ಹಾಕುವಾಗ ಒಬ್ಬೊಬ್ಬ ಡೈರೆಕ್ಟರ ಹೆಸರು ಕೂಗಿ ಪರ-ವಿರೋಧ ಕೇಳಬೇಕು. "ಎಲ್ಲರೂ ಒಪ್ಪಿದ್ದೀರಲ್ಲ, ಸರಿ" ಅನ್ನುವಂತಿಲ್ಲ. ನಿಮಗೆ ಬಂದದ್ದು ಬರೀ ಲಿಂಕು. ದಿನದ ಲೆಕ್ಕದಲ್ಲಿ ಅವರು ಪಾರಾದರೂ ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಅಜೆಂಡಾ. ನೋಟಿಸಿನೊಳಗೆ ಅಜೆಂಡಾ ಇರಲೇಬೇಕು, ಮತ್ತು ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಬೋರ್ಡು ಚರ್ಚಿಸುವಂತೆಯೂ ಇಲ್ಲ, ತೀರ್ಮಾನಿಸುವಂತೆಯೂ ಇಲ್ಲ. ಇಡೀ ಓಪನ್ ಮೀಟಿಂಗ್ ಆ್ಯಕ್ಟಿನ ಬೆನ್ನುಮೂಳೆ ಅಂದರೆ 4930ನೇ ಸೆಕ್ಷನ್ನಿನ ಈ ಒಂದು ಮಾತು. ನಾಲ್ಕು ದಿನದ ನಿಯಮ ಇರುವುದೂ ಇದಕ್ಕಾಗಿಯೇ. ನೀವು ಆ ನಾಲ್ಕು ಸಾಲು ನೋಡಿ ತಾಲೀಮಿಗೆ ಹೋಗುವುದೋ ಮೀಟಿಂಗಿಗೆ ಸೇರುವುದೋ ಅಂತ ನಿರ್ಧರಿಸಬೇಕು. "ಮನೆಗೆ 1,200 ಡಾಲರ್ ಸ್ಪೆಷಲ್ ಅಸೆಸ್‌ಮೆಂಟ್" ಅಂತ ಬರೆದಿದ್ದರೆ ನೀವು ತಾಲೀಮು ಬಿಡುತ್ತಿದ್ದಿರಿ.

"ರೂಫ್" ಅನ್ನುವ ಒಂದು ಪದ ಸಾಕೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅಜೆಂಡಾದ ಒಂದೊಂದು ಸಾಲು ಎಷ್ಟು ಬಿಡಿಸಿ ಬರೆದಿರಬೇಕು ಅಂತ ಆ ಸೆಕ್ಷನ್ನಿನಲ್ಲಿ ಅಳತೆಗೋಲು ಕೊಟ್ಟಿಲ್ಲ. ಬೋರ್ಡಿನ ವಕೀಲರು ಅದನ್ನೇ ಹಿಡಿಯುತ್ತಾರೆ. ರೂಫಿನ ಸ್ಥಿತಿಯನ್ನು ಚರ್ಚಿಸಲು ಆ ಒಂದು ಪದ ಸಾಕು ಅಂತ ನಾನೂ ಒಪ್ಪುತ್ತೇನೆ. ಸದಸ್ಯರ ಜೇಬಿಗೆ ಕೈ ಹಾಕುವ ತೀರ್ಮಾನಕ್ಕೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಇದು ವಾದ ಮಾಡಬಹುದಾದ ಜಾಗ, ಖಾತ್ರಿ ಗೆಲ್ಲುವ ಜಾಗವಲ್ಲ.

ಚಪ್ಪಲಿ ಸ್ಟ್ಯಾಂಡಿನದು ಹಾಗಲ್ಲ. ಅದು ಅಜೆಂಡಾದಲ್ಲಿ ಇರಲೇ ಇಲ್ಲ, ಮತ್ತು "ಹೊಸ ವಿಷಯಗಳು" ಅನ್ನುವುದು ಏನು ಬೇಕಾದರೂ ತುಂಬಿಕೊಳ್ಳುವ ಜೋಳಿಗೆಯಲ್ಲ. ಅಜೆಂಡಾಕ್ಕೆ ಹೊರಗಿನದನ್ನು ಎತ್ತಿಕೊಳ್ಳಲು ಮೂರೇ ಕಿಂಡಿಗಳಿವೆ. ಹಾಜರಿರುವ ಡೈರೆಕ್ಟರುಗಳಲ್ಲಿ ಬಹುಮತದವರು ತುರ್ತು ಪರಿಸ್ಥಿತಿ ಇದೆ ಅಂತ ತೀರ್ಮಾನಿಸಬೇಕು. ಇಲ್ಲವೇ ತಕ್ಷಣ ಕ್ರಮ ಬೇಕು, ಆ ಅಗತ್ಯ ಅಜೆಂಡಾ ಹಂಚಿದ ಮೇಲಷ್ಟೇ ಗೊತ್ತಾಯಿತು ಅಂತ ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಮತ ಹಾಕಬೇಕು; ಬೋರ್ಡಿನ ಒಟ್ಟು ಸಂಖ್ಯೆಯ ಮೂರರಲ್ಲಿ ಎರಡರಷ್ಟು ಜನ ಹಾಜರಿಲ್ಲದಿದ್ದರೆ ಬಂದವರೆಲ್ಲ ಒಕ್ಕೊರಲಲ್ಲಿ ಹೇಳಬೇಕು. ಅದೂ ಅಲ್ಲದಿದ್ದರೆ, 30 ದಿನದೊಳಗೆ ನಡೆದ ಹಿಂದಿನ ಮೀಟಿಂಗಿನ ಅಜೆಂಡಾದಲ್ಲಿದ್ದು ಅಲ್ಲಿ ಮುಂದೂಡಿದ ವಿಷಯವಾಗಿರಬೇಕು. ಬಾಗಿಲ ಮುಂದಿನ ಚಪ್ಪಲಿ ಈ ಮೂರರಲ್ಲಿ ಯಾವ ಕಿಂಡಿಯಲ್ಲೂ ತೂರುವುದಿಲ್ಲ.

ಅಷ್ಟೇ ಅಲ್ಲ, ರೂಲ್ ಬದಲಾವಣೆಗೆ ನಾಲ್ಕು ದಿನವೂ ಅನ್ವಯಿಸುವುದಿಲ್ಲ. ಸಾಮೂಹಿಕ ಜಾಗದ ಬಳಕೆಯ ಮೇಲೆ ಹೊಸ ರೂಲ್ ತರಬೇಕಾದರೆ ಅದರ ಒಕ್ಕಣೆಯನ್ನೂ ಉದ್ದೇಶವನ್ನೂ ಕನಿಷ್ಠ 28 ದಿನ ಮೊದಲು ಸದಸ್ಯರಿಗೆ ತಿಳಿಸಿ, ಅವರ ಅಭಿಪ್ರಾಯ ಕೇಳಿ, ಆಮೇಲೆ ಮೀಟಿಂಗಿನಲ್ಲಿ ತೀರ್ಮಾನಿಸಬೇಕು. ತೀರ್ಮಾನವಾದ ಮೇಲೆ 15 ದಿನದೊಳಗೆ ಮತ್ತೆ ತಿಳಿಸಬೇಕು. ಆಗಲೂ ಹಿಡಿಸದಿದ್ದರೆ 5 ಶೇಕಡ ಸದಸ್ಯರು, ಅಂದರೆ ನಿಮ್ಮಲ್ಲಿ ಆರು ಮನೆಯವರು, ಆ ತಿಳಿವಳಿಕೆ ಬಂದ 30 ದಿನದೊಳಗೆ ಸಹಿ ಹಾಕಿ ಕೊಟ್ಟರೆ ರೂಲನ್ನು ರದ್ದು ಮಾಡಲು ಸದಸ್ಯರ ಮತಕ್ಕೆ ಹಾಕಲೇಬೇಕು. ನಿಮ್ಮ ಬಡಾವಣೆಯಲ್ಲಿ ಚಪ್ಪಲಿ ಹೊರಗೆ ಬಿಡುವ ಆರು ಮನೆ ಸಿಗುವುದು ಕಷ್ಟವಾಗಲಿಕ್ಕಿಲ್ಲ. ಅಂದಹಾಗೆ ಯಾರಾದರೂ ಇದೇ ಉಸಿರಿನಲ್ಲಿ ತೋರಣದ ತಂಟೆಗೂ ಬಂದರೆ ಅದು ಬೇರೆ ಮಾತು: ಬಾಗಿಲಿಗೂ ಚೌಕಟ್ಟಿಗೂ ಧಾರ್ಮಿಕ ವಸ್ತು ಕಟ್ಟುವುದಕ್ಕೆ 2020ರಿಂದ 4706ನೇ ಸೆಕ್ಷನ್ನಿನ ರಕ್ಷಣೆ ಇದೆ, ಗಾತ್ರಕ್ಕೆ ಮಿತಿ ಇದ್ದರೂ.

ವಾಟ್ಸ್ಆ್ಯಪ್ ಗುಂಪಿನ ವಿಷಯದಲ್ಲಿ ನೀವು ನಿರೀಕ್ಷಿಸಿದಷ್ಟು ಸಿಹಿಯಾದ ಉತ್ತರ ನನ್ನಲ್ಲಿಲ್ಲ. ಬೋರ್ಡ್ ಮೀಟಿಂಗಿನ ಹೊರಗೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ, ಇಮೇಲ್ ಮುಂತಾದವುಗಳ ಸರಣಿಯಲ್ಲಿ ಮೀಟಿಂಗ್ ನಡೆಸುವಂತಿಲ್ಲ ಅಂತ 4910 ಹೇಳುವುದು ನಿಜ. ತುರ್ತು ಮೀಟಿಂಗಿಗೆ ಮಾತ್ರ, ಅದೂ ಎಲ್ಲ ಡೈರೆಕ್ಟರುಗಳೂ ಬರಹದಲ್ಲಿ ಒಪ್ಪಿದರೆ, ವಿನಾಯಿತಿ. ಆದರೆ 2023ರಲ್ಲಿ ಆಲ್ಟಾ ಡೆಲ್ ಮಾರ್ ಅನ್ನುವ ಬಡಾವಣೆಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಗೆರೆ ಎಳೆಯಿತು. ಡೈರೆಕ್ಟರುಗಳು ಇಮೇಲಿನಲ್ಲಿ ಚರ್ಚಿಸಿದ ಮಾತ್ರಕ್ಕೆ ಅದು ಬೋರ್ಡ್ ಮೀಟಿಂಗ್ ಆಗುವುದಿಲ್ಲ, ಏಕೆಂದರೆ ಅವರು ಒಂದೇ ಹೊತ್ತಿನಲ್ಲಿ ಒಂದೇ ಕಡೆ ಸೇರಿಲ್ಲ. ಅಲ್ಲಿ ತೀರ್ಮಾನ ಮಾಡದಿದ್ದರೆ ತಪ್ಪಿಲ್ಲ ಎಂದಿತು. ಹಾಗಾಗಿ "ರೂಫ್ ತುಂಬಾ ಹಾಳಾಗಿದೆ, ಏನು ಮಾಡೋಣ?" ಅಂತ ಗುಂಪಿನಲ್ಲಿ ಹರಟಿದ್ದರೆ ನಿಮಗೆ ಅದರಿಂದ ಪ್ರಯೋಜನವಿಲ್ಲ. "1,200 ಹಾಕೋಣ, ಒಪ್ಪಿಗೆಯೇ?" ಅಂದು ಐದು ಹೆಬ್ಬೆರಳು ಬಿದ್ದಿದ್ದರೆ, ಮ್ಯಾನೇಜರ್ ಅದರ ಮೇಲೆ ಕೆಲಸ ಶುರುಮಾಡಿದ್ದರೆ, ಅದು ಬೇರೆ. ಪಕ್ಕದ ಮನೆಯವರು ಕೇಳಿದ್ದು ಯಾವುದು ಅಂತ ಮೊದಲು ವಿಚಾರಿಸಿ. ವಿಚಿತ್ರ ನೋಡಿ, ಅದೇ ಐವರಲ್ಲಿ ಮೂವರು ದೀಪಾವಳಿ ಊಟದ ತಟ್ಟೆ ಹಿಡಿದು ಒಂದು ಮೂಲೆಯಲ್ಲಿ ನಿಂತು ರೂಫಿನ ಗುತ್ತಿಗೆ ಬಗ್ಗೆ ಗಂಭೀರವಾಗಿ ಮಾತಾಡಿದರೆ, ಕೋರಂ ಮೂರೇ ಆಗಿದ್ದಲ್ಲಿ, ಅದು ವ್ಯಾಖ್ಯೆಯ ಪ್ರಕಾರ ಬೋರ್ಡ್ ಮೀಟಿಂಗ್!

ಇಷ್ಟು ಹೇಳಿ 1,200ಕ್ಕೆ ಬರುತ್ತೇನೆ. ನೋಟಿಸ್ ಹತ್ತು ದಿನ ಮೊದಲೇ ಕೊಟ್ಟಿದ್ದರೂ, ಅಜೆಂಡಾದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ಇದು ಬೋರ್ಡು ತಾನೇ ಮಾಡಬಹುದಾದ ತೀರ್ಮಾನವೇ ಅಂತ ಕೇಳಿಕೊಳ್ಳಿ. 5605ನೇ ಸೆಕ್ಷನ್ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಎಲ್ಲ ಸ್ಪೆಷಲ್ ಅಸೆಸ್‌ಮೆಂಟುಗಳೂ ಸೇರಿ ಆ ವರ್ಷದ ಬಜೆಟ್ಟಿನ ಒಟ್ಟು ಖರ್ಚಿನ 5 ಶೇಕಡ ಮೀರಿದರೆ ಸದಸ್ಯರ ಮತ ಬೇಕು. ನಿಮ್ಮ ಲೆಕ್ಕ ಹಾಕೋಣ. 120 ಮನೆ, ತಿಂಗಳಿಗೆ 450, ವರ್ಷಕ್ಕೆ 6,48,000 ಡಾಲರ್. ಬಜೆಟ್ಟಿನ ಖರ್ಚೂ ಹೆಚ್ಚುಕಮ್ಮಿ ಅಷ್ಟೇ ಅಂತ ಇಟ್ಟುಕೊಂಡರೆ 5 ಶೇಕಡ ಅಂದರೆ 32,400. ಮನೆಗೆ 270 ಡಾಲರ್. ಬೋರ್ಡು ತನ್ನಷ್ಟಕ್ಕೆ ಹಾಕಬಹುದಾದ್ದು ಅಷ್ಟೇ. ಹಾಕಿದ್ದು 1,200, ಒಟ್ಟು 1,44,000. ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು.

ಇದಕ್ಕೆ ಸದಸ್ಯರ ಮತ ಅಂದರೆ ಝೂಮಿನಲ್ಲಿ ಕೈ ಎತ್ತಿಸುವುದಲ್ಲ. ಗುಪ್ತ ಮತದಾನ, ಮತಪತ್ರ ತುಂಬಿ ಕಳಿಸಲು ಕನಿಷ್ಠ 30 ದಿನ, ಅರ್ಧಕ್ಕಿಂತ ಹೆಚ್ಚು ಸದಸ್ಯರು ಪಾಲ್ಗೊಂಡು (ನಿಮ್ಮಲ್ಲಿ 61) ಅವರಲ್ಲಿ ಬಹುಮತ. ಇದನ್ನು ದಾಟಲು ಬೋರ್ಡಿಗೆ ಇರುವುದು ತುರ್ತಿನ ವಿನಾಯಿತಿ, 5610ನೇ ಸೆಕ್ಷನ್: ಕೋರ್ಟಿನ ಆದೇಶ, ಜನರ ಸುರಕ್ಷತೆಗೆ ಅಪಾಯ ಕಂಡುಬಂದು ಮಾಡಲೇಬೇಕಾದ ರಿಪೇರಿ, ಅಥವಾ ಬಜೆಟ್ ಮಾಡುವಾಗ ಊಹಿಸಲು ಸಾಧ್ಯವೇ ಇರದಿದ್ದ ರಿಪೇರಿ. ಕೊನೆಯದಕ್ಕಾದರೆ ಏಕೆ ಊಹಿಸಲಾಗಲಿಲ್ಲ ಅಂತ ಕಾರಣ ಬರೆದು ಗೊತ್ತುವಳಿ ಮಾಡಿ, ಅಸೆಸ್‌ಮೆಂಟ್ ನೋಟಿಸಿನ ಜೊತೆ ಅದನ್ನೂ ಸದಸ್ಯರಿಗೆ ಕಳಿಸಬೇಕು. ನಿಮಗೆ ಬಂದ ಲಕೋಟೆಯಲ್ಲಿ ಅಂಥ ಗೊತ್ತುವಳಿ ಇತ್ತೇ? ಹಳೆಯ ಮಿನಿಟ್ಸುಗಳಲ್ಲಿ ಎರಡು-ಮೂರು ವರ್ಷದಿಂದ "ರೂಫ್ ಸೋರುತ್ತಿದೆ" ಅಂತ ಬರೆಯುತ್ತಾ ಬಂದಿದ್ದರೆ ಈ ವರ್ಷ ಅದು ಆಕಸ್ಮಿಕ ಅನ್ನುವುದು ಕಷ್ಟ. ತುರ್ತು ಮೀಟಿಂಗಿನ ವಿಷಯದಲ್ಲೂ ಅಳತೆ ಇದೇ: ಮೊದಲೇ ಊಹಿಸಲಾಗದ್ದು, ತಕ್ಷಣ ನೋಡಬೇಕಾದ್ದು, ನೋಟಿಸ್ ಕೊಡಲು ಸಮಯವೇ ಇಲ್ಲದ್ದು. ರಾತ್ರಿ ಹನ್ನೊಂದಕ್ಕೆ ಮುಖ್ಯ ಪೈಪು ಒಡೆದರೆ ತುರ್ತು. ಮಳೆಗಾಲ ಪ್ರತಿ ವರ್ಷವೂ ಬರುತ್ತದೆ.

ಇನ್ನೊಂದು ತಾರೀಕು ನೋಡಿಕೊಳ್ಳಿ. ತಿಂಗಳ ಹಣದ ಹೆಚ್ಚಳವಾಗಲಿ ಸ್ಪೆಷಲ್ ಅಸೆಸ್‌ಮೆಂಟ್ ಆಗಲಿ, ಕಟ್ಟಬೇಕಾದ ದಿನಕ್ಕೆ 30ರಿಂದ 60 ದಿನ ಮೊದಲು ಪ್ರತಿ ಸದಸ್ಯನಿಗೂ ಬೇರೆಯಾಗಿ ತಿಳಿಸಬೇಕು. ಕಾಗದದಲ್ಲಿ "ಎರಡು ವಾರದೊಳಗೆ" ಅಂತಿದ್ದರೆ ಅಲ್ಲೂ ಎಡವಿದ್ದಾರೆ.

ಹಾಗಾದರೆ ಕಟ್ಟಬೇಡಿ ಅನ್ನಲೇ? ಅನ್ನುವುದಿಲ್ಲ. ಕಾನೂನು ನನ್ನ ಕಡೆ ಇದೆ ಅಂತ ಸುಮ್ಮನೆ ಕುಳಿತು ತೊಂದರೆಗೆ ಸಿಕ್ಕವರನ್ನು ನೋಡಿದ್ದೇನೆ. ಬಾಕಿ 15 ದಿನ ದಾಟಿದರೆ 10 ಶೇಕಡವರೆಗೆ ತಡದ ಶುಲ್ಕ, 30 ದಿನದ ಮೇಲೆ ವರ್ಷಕ್ಕೆ 12 ಶೇಕಡವರೆಗೆ ಬಡ್ಡಿ, ಆಮೇಲೆ ವಸೂಲಿ ವಕೀಲರ ಪತ್ರ, ಮನೆಯ ಮೇಲೆ ಲೀನ್ (ಬಾಕಿಗಾಗಿ ಆಸ್ತಿಯ ಮೇಲೆ ಹೂಡುವ ಹಕ್ಕು). ಅದಕ್ಕೆ ಬೇರೆ ದಾರಿ ಇದೆ: ಆಕ್ಷೇಪಣೆ ದಾಖಲಿಸಿ ಕಟ್ಟುವುದು. "ಈ ಮೊತ್ತವನ್ನು ನಾನು ಒಪ್ಪುವುದಿಲ್ಲ, ಪ್ರತಿಭಟನೆಯ ಮೇಲೆ ಕಟ್ಟುತ್ತಿದ್ದೇನೆ" ಅಂತ ಚೆಕ್ಕಿನ ಜೊತೆ ಪತ್ರ ಲಗತ್ತಿಸಿ. ಆಮೇಲೆ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ವಾಪಸ್ ಕೇಳಬಹುದು. 5658ನೇ ಸೆಕ್ಷನ್ ಇದನ್ನು ಹೆಸರಿಟ್ಟೇ ಹೇಳುತ್ತದೆ. ಆ ಕೋರ್ಟಿನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ವಕೀಲರು ಬೇಡ, ನಿಮ್ಮ ಕಾಗದಪತ್ರ ನೀವೇ ಹಿಡಿದು ಹೋಗುವುದು.

ನೋಟಿಸ್ ಮತ್ತು ಅಜೆಂಡಾ ಉಲ್ಲಂಘನೆಗೆ ದಾವೆ ಹೂಡುವ ಹಕ್ಕು 4955ರಲ್ಲಿದೆ. ಒಂದು ವರ್ಷದೊಳಗೆ ಹೂಡಬೇಕು. ಗೆದ್ದರೆ ನಿಮ್ಮ ವಕೀಲರ ನ್ಯಾಯಯುತ ಫೀ, ಕೋರ್ಟ್ ಖರ್ಚು ಸಂಘದಿಂದ ಬರುತ್ತದೆ, ಒಂದೊಂದು ಉಲ್ಲಂಘನೆಗೆ 500 ಡಾಲರ್‌ವರೆಗೆ ದಂಡ ಹಾಕಬಹುದು. ಸೋತರೆ, ದಾವೆ ಹುರುಳಿಲ್ಲದ್ದು ಅಂತ ಕೋರ್ಟಿಗೆ ಅನಿಸಿದ ಹೊರತು, ಸಂಘದ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ನೋಟಿಸ್ ತಪ್ಪಿದ ಮೀಟಿಂಗಿನ ತೀರ್ಮಾನ ತಾನಾಗಿಯೇ ಬಿದ್ದುಹೋಗುತ್ತದೆ ಅಂತ ಆ ಸೆಕ್ಷನ್ ಎಲ್ಲೂ ಹೇಳುವುದಿಲ್ಲ. ಏನು ಪರಿಹಾರ ಅಂತ ನ್ಯಾಯಾಧೀಶರು ನೋಡುತ್ತಾರೆ. ಬೋರ್ಡು ಜಾಣನಾದರೆ ದಾವೆ ಬರುವ ಮೊದಲೇ ಸರಿಯಾದ ನೋಟಿಸ್ ಕೊಟ್ಟು ಅದೇ ತೀರ್ಮಾನವನ್ನು ಮತ್ತೆ ಮಾಡಿ ಕೂರುತ್ತದೆ. ಬರೀ ಮೂರು ದಿನ-ನಾಲ್ಕು ದಿನದ ಮೇಲೆ ನಿಂತ ಕೇಸು ಅಲ್ಲಿಗೆ ಟುಸ್ಸೆನ್ನುತ್ತದೆ. 5 ಶೇಕಡದ ಮಿತಿಯನ್ನು ಹಾಗೆ ತೇಪೆ ಹಾಕಲಾಗುವುದಿಲ್ಲ, ಮತ ಹಾಕಿಸಲೇಬೇಕು. ನಿಮ್ಮ ಭಾರ ಅಲ್ಲಿರಲಿ ಅನ್ನುವುದು ಇದಕ್ಕೇ.

ಕೋರ್ಟಿಗೂ ಮೊದಲು ಎರಡು ಮೆಟ್ಟಿಲು. ಸಂಘದ ಜೊತೆ ಕೂತು ಮಾತಾಡುವ ಆಂತರಿಕ ವ್ಯಾಜ್ಯ ಪರಿಹಾರ: ನೀವು ಬರಹದಲ್ಲಿ ಕೇಳಿದರೆ ಸಂಘ ಒಲ್ಲೆ ಅನ್ನುವಂತಿಲ್ಲ, ಶುಲ್ಕವೂ ಇಲ್ಲ. ಒಬ್ಬ ಡೈರೆಕ್ಟರ್ ಬಂದು ನಿಮ್ಮೆದುರು ಕೂರಬೇಕು. ಅಲ್ಲಿ ಬಗೆಹರಿಯದಿದ್ದರೆ, ಸುಪೀರಿಯರ್ ಕೋರ್ಟಿಗೆ ಹೋಗುವ ಬಹುತೇಕ ಇಂಥ ಪ್ರಕರಣಗಳಲ್ಲಿ ಮಧ್ಯಸ್ಥಿಕೆಗೆ ಪ್ರಯತ್ನಿಸಿದ್ದೇವೆ ಅಂತ ತೋರಿಸಬೇಕು. ಇಷ್ಟು ಹೊತ್ತಿಗೆ ಸ್ಥಳೀಯ ಎಚ್‌ಒಎ ವಕೀಲರೊಬ್ಬರಿಗೆ ನಿಮ್ಮ ಸಿಸಿ ಆ್ಯಂಡ್ ಆರ್ (ಬಡಾವಣೆಯ ಮೂಲ ಕರಾರುಪತ್ರ), ಬೈಲಾ ತೋರಿಸಿರಿ. ನಾನು ನಿಮ್ಮ ಕಾಗದ ನೋಡದೆ ಮಾತಾಡುತ್ತಿದ್ದೇನೆ.

ಈ ವಾರ ಮಾಡಬೇಕಾದ್ದು ಇನ್ನೊಂದಿದೆ, ಆ ಮಂಗಳವಾರದ ಮಿನಿಟ್ಸ್ ತರಿಸಿಕೊಳ್ಳಿ. ಕರಡೇ ಆದರೂ ಮೀಟಿಂಗಾದ 30 ದಿನದೊಳಗೆ ಸದಸ್ಯರಿಗೆ ಸಿಗಬೇಕು. ಯಾರು ಯಾವ ಕಡೆ ಮತ ಹಾಕಿದರು, "ತುರ್ತು" ಅನ್ನುವ ಪದ ಎಲ್ಲಾದರೂ ಇದೆಯೇ, ಎಕ್ಸಿಕ್ಯೂಟಿವ್ ಸೆಷನ್ನಿನ ಪ್ರಸ್ತಾಪ ಇದೆಯೇ ನೋಡಿ. ರೂಫಿನ ಗುತ್ತಿಗೆ ಕುದುರಿಸುವ ಮಾತನ್ನು ಬಾಗಿಲು ಮುಚ್ಚಿ ಆಡಬಹುದು, ಅದಕ್ಕೆ ಅನುಮತಿ ಇದೆ. ಸದಸ್ಯರ ಮೇಲೆ ಅಸೆಸ್‌ಮೆಂಟ್ ಹೇರುವುದು ಆ ಪಟ್ಟಿಯಲ್ಲಿಲ್ಲ.

ಮುಂದಿನ ಮೀಟಿಂಗಿಗೆ ನೀವೇ ಹೋಗಿ. ಮನೆಯ ಪತ್ರದಲ್ಲಿ ಹೆಸರಿರುವವರು ಹೋಗಬೇಕು; ಕಂಪನಿಯ ಹೆಸರಿನಲ್ಲಿ ಮನೆ ಇಟ್ಟುಕೊಂಡಿದ್ದವರೊಬ್ಬರು ತಮ್ಮ ಪರವಾಗಿ ವಕೀಲರನ್ನು ಕಳಿಸಿದಾಗ, ಸದಸ್ಯರಲ್ಲದ ಅವರನ್ನು ಬೋರ್ಡ್ ಒಳಗೆ ಬಿಡಬೇಕಿಲ್ಲ ಅಂತ 2013ರಲ್ಲಿ ತೀರ್ಪಾಗಿದೆ. ಪ್ರತಿ ಓಪನ್ ಮೀಟಿಂಗಿನಲ್ಲೂ ಸದಸ್ಯರು ಮಾತಾಡಲು ಬೋರ್ಡು ಅವಕಾಶ ಕೊಡಲೇಬೇಕು, ಸಮಯಕ್ಕೆ ಮಿತಿ ಹಾಕಬಹುದು. ಅಜೆಂಡಾದಲ್ಲಿ ಇಲ್ಲದ್ದನ್ನೂ ನೀವು ಮಾತಾಡಬಹುದು, ಆ ಕಟ್ಟು ಬೋರ್ಡಿಗೆ ಮಾತ್ರ. ಸಾಮಾನ್ಯವಾಗಿ ಸಿಗುವುದು ಎರಡೋ ಮೂರೋ ನಿಮಿಷ. ನನ್ನನ್ನು ಕೇಳಿದರೆ ನೋಟಿಸ್, ಝೂಮ್, ವಾಟ್ಸ್ಆ್ಯಪ್ ಎಲ್ಲ ಬಿಟ್ಟು 32,400 ಮತ್ತು 1,44,000 ಎರಡು ಅಂಕಿ ಓದಿ ಕೂತುಕೊಳ್ಳಿ. ಉಳಿದ 119 ಮನೆಯವರು ಮಿಕ್ಕಿದ್ದನ್ನು ನೋಡಿಕೊಳ್ಳುತ್ತಾರೆ.

ಇದನ್ನು ಓದುವ ಬೇರೆ ರಾಜ್ಯದವರು ಈ ಅಂಕಿಗಳನ್ನು ಹಿಡಿದು ಹೊರಡಬೇಡಿ. ಟೆಕ್ಸಸ್‌ನಲ್ಲಿ ಅಂಟಿಸಿ ಇಮೇಲ್ ಮಾಡುವ ದಾರಿ ಹಿಡಿದರೆ ಮಾಮೂಲಿ ಬೋರ್ಡ್ ಮೀಟಿಂಗಿಗೆ 144 ಗಂಟೆ, ವಿಶೇಷ ಮೀಟಿಂಗಿಗೆ 72 ಗಂಟೆ. ಫ್ಲಾರಿಡಾದ ಎಚ್‌ಒಎಗಳಲ್ಲಿ 48 ಗಂಟೆ, ಆದರೆ ಸ್ಪೆಷಲ್ ಅಸೆಸ್‌ಮೆಂಟ್ ಚರ್ಚೆಗೆ 14 ದಿನ. ಇನ್ನು "ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೂ ಹೀಗೇನಾ?" ಅಂತ ಕೇಳುವವರಿಗೆ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಮಾಲೀಕರ ಸಭೆ ಕರೆಯುವ ರೀತಿಯನ್ನೂ ಕೋರಂ ಅನ್ನೂ ಬೈಲಾದಲ್ಲಿ ಬರೆದಿಡಿ ಎನ್ನುತ್ತದೆ. ಅಲ್ಲಿ ಹುಡುಕಬೇಕಾದ್ದು ನಿಮ್ಮ ಬೈಲಾ ಪುಸ್ತಕವನ್ನು.

ಚಪ್ಪಲಿ ಸ್ಟ್ಯಾಂಡ್ ಸದ್ಯಕ್ಕೆ ಇದ್ದಲ್ಲೇ ಇರಲಿ, ಓಡಾಡುವ ದಾರಿಗೆ ಅಡ್ಡ ಬಾರದಂತೆ ಗೋಡೆಗೆ ಒತ್ತಿಡಿ. ಅದಕ್ಕಾಗಿ ದಂಡ ಹಾಕಬೇಕೆಂದರೆ ವಿಚಾರಣೆಗೆ ಕನಿಷ್ಠ 10 ದಿನ ಮೊದಲು ನಿಮ್ಮ ಹೆಸರಿಗೆ ನೋಟಿಸ್ ಬರಬೇಕು, ಅಷ್ಟರಲ್ಲಿ ಸರಿಪಡಿಸಿಕೊಳ್ಳಲು ಅವಕಾಶ ಇರಬೇಕು, ಮತ್ತು 2025ರ ಜುಲೈನಿಂದ ಆರೋಗ್ಯ-ಸುರಕ್ಷತೆಗೆ ಧಕ್ಕೆಯಾಗದ ಉಲ್ಲಂಘನೆಗೆ ದಂಡ 100 ಡಾಲರ್ ಮೀರುವಂತಿಲ್ಲ. ಆ ನೋಟಿಸ್ ಬಂದರೆ ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಕು ಹರಿಯದಂತೆ ಒಡೆಯಿರಿ.